ತಪ್ಪು ಕೆನ್ನೆಯ ಗಾಯ

ಗೊಂಬೆಯ ಕಾಲರನ್ನು ಉಗುರಿನಿಂದ ಮಗುಚಿ ನೋಡಿದ ಅಕ್ಕ ಅದನ್ನು ಬೆಳಕಿಗೆ ಹಿಡಿದಳು. ದಾರದ ಗಂಟು ಬಟ್ಟೆಯ ಒಳಗೆ ಅಡಗಿತ್ತು. ಅದರ ಮೇಲೆ ಎರಡು ಅಡ್ಡ ಹೊಲಿಗೆ. ಬಟ್ಟೆ ಹೊಲಿದು ಬದುಕುವ ಅವಳು ಹಾಗೆ ಹೊಲಿಯುವುದನ್ನು ಒಬ್ಬನಿಗೆ ಮಾತ್ರ ಕಲಿಸಿದ್ದಳು — ಐದು ತಿಂಗಳ ಹಿಂದೆ ಕಾಣೆಯಾದ ತಮ್ಮನಿಗೆ!

“ಇದನ್ನ ಯಾರು ಮಾಡಿದ್ದು?”

“ಅದೊಂದು ಗೊತ್ತಾದರೆ ನನಗೂ ಹೇಳಿ ತಾಯಿ,” ಎಂದ ಹಳೆಯ ಕಾಮಿಕ್ಸು, ಆಟಿಕೆಗಳ ಅಂಗಡಿಯವನು. “ಟೀವಿ ಧಾರಾವಾಹಿಯ ಕಪ್ತಾನನ ಗೊಂಬೆ ಕಾರ್ಖಾನೆಯಿಂದ ರಾಶಿ ರಾಶಿ ಬರುತ್ತೆ. ಕೈಯಲ್ಲಿ ಮಾಡಿದ್ದು ಇದೊಂದೇ. ಮೂರು ಕೈ ದಾಟಿ ನನ್ನ ಹತ್ರ ಬಂದಿದೆ. ಸಂಗ್ರಹ ಮಾಡೋರು ಮುಗಿಬೀಳ್ತಿದಾರೆ.”

ಅಕ್ಕ ಕಿವಿಯ ಓಲೆ ಬಿಚ್ಚಿ ಅವನ ಮುಂದಿಟ್ಟಳು. ಗೊಂಬೆ ಎತ್ತಿಕೊಂಡು ಪೊಲೀಸ್ ಠಾಣೆಗೆ ಓಡಿದಳು. ಆಗ ಹನ್ನೊಂದು ಗಂಟೆ. ನಾಲ್ಕಕ್ಕೆ ಅಪ್ಪ ಅಲ್ಲಿ ಸಹಿ ಹಾಕುವವರಿದ್ದರು.

ತಮ್ಮ ಒಂದು ಕೊಲೆಗೆ ಏಕೈಕ ಸಾಕ್ಷಿ. ಆರಡಿ ಬೆಳೆದಿದ್ದರೂ ಮನೆಯವರ ಬಾಯಲ್ಲಿ ಇನ್ನೂ ಚೋಟು. ಆರೋಪಿ ಜಾಮೀನಿನ ಮೇಲೆ ಹೊರಬಂದ ವಾರದಲ್ಲೇ ಚೋಟು ಕಾಣೆಯಾದ. ಎರಡು ತಿಂಗಳ ಹಿಂದೆ ಪಾಳು ಗೋದಾಮಿನಲ್ಲಿ ಸುಟ್ಟು ಕರಕಲಾದ ಶವವೊಂದು ಸಿಕ್ಕಿತು. ಎತ್ತರ ಅವನದೇ. ಅದರ ಕೈಗಡಿಯಾರ ನೋಡಿ ಅಪ್ಪ, “ನಾನೇ ಕೊಡಿಸಿದ್ದು” ಎಂದುಬಿಟ್ಟರು. ಆ ಗಡಿಯಾರವನ್ನು ಅಕ್ಕ ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಮಾತು ಯಾರಿಗೆ ಬೇಕು? ಶವ ಮಗನದೇ ಎಂದು ಅಪ್ಪ ಸಹಿ ಹಾಕಿದರೆ ಹುಡುಕುವ ಫೈಲು ಮುಚ್ಚುತ್ತದೆ. ಚೋಟು ಎಲ್ಲೇ ಉಸಿರಾಡುತ್ತಿದ್ದರೂ ಸತ್ತವನ ಲೆಕ್ಕ.

“ಸಾರ್, ಕಪ್ತಾನನ ಕೆನ್ನೆಗೆ ಗಾಯ ಆಗಿದ್ದು ಮೂರು ವಾರದ ಹಿಂದಿನ ಕಂತಿನಲ್ಲಿ. ಈ ಗೊಂಬೆಗೂ ಗಾಯ ಇದೆ. ಎರಡು ತಿಂಗಳ ಹಿಂದೆ ಸತ್ತೋನು ಇದನ್ನ ಹೇಗೆ ಮಾಡ್ತಾನೆ?”

ಇನ್‌ಸ್ಪೆಕ್ಟರ್ ಗೊಂಬೆಯನ್ನು ತಿರುಗಿಸಿ ನೋಡಿದರು.

“ನಮ್ಮನೇಲೂ ನೋಡ್ತಾರಮ್ಮ. ಗಾಯ ಎಡಗೆನ್ನೆಗೆ. ಇಲ್ಲಿ ಬಲಗೆನ್ನೆಗಿದೆ. ನಿಮ್ಮ ತಮ್ಮನಿಗೆ ಆ ಧಾರಾವಾಹಿ ಬಾಯಿಪಾಠ ಅಂತೀರಿ. ಅವನು ಇಂಥ ತಪ್ಪು ಮಾಡ್ತಾನಾ?”

ನಿಜ, ಚೋಟು ಕಪ್ತಾನನ ಕೋಟಿನ ಗುಂಡಿಗಳನ್ನೂ ಎಣಿಸಿಟ್ಟುಕೊಂಡು ಗೊಂಬೆ ಮಾಡುತ್ತಿದ್ದವನು. ಈಗ ಅವಳ ಒಂದೇ ಒಂದು ಆಧಾರವೂ ಕೈಜಾರಿತ್ತು.

ಉಳಿದದ್ದು ಭೂತಗನ್ನಡಿ ಅತ್ತೆ. ಅಕ್ಕನ ಓಣಿಯ ಕೊನೆಯ ಮನೆಯಾಕೆ. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತು ವರ್ಷ ಸವೆದು ನಿವೃತ್ತಿಯಾದವರು. ಈರುಳ್ಳಿಯನ್ನೂ ಭೂತಗನ್ನಡಿ ಹಿಡಿದೇ ಆರಿಸುತ್ತಾರೆ ಎಂದು ಓಣಿಯವರು ನಗುತ್ತಿದ್ದರು.

“ಅತ್ತೆ, ನಾಲ್ಕು ಗಂಟೆಗೆ ನನ್ನ ತಮ್ಮನ್ನ ಸಾಯಿಸ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಏನಾದರೂ ಮಾಡಿ!”

“ಅಳೋದಾದರೆ ಆ ಕಡೆ ಕೂತು ಅಳು. ಗೊಂಬೆ ಒದ್ದೆ ಮಾಡಬೇಡ,” ಎಂದರು ಅತ್ತೆ. ಭೂತಗನ್ನಡಿ ಗೊಂಬೆಯ ಮೇಲೆ ಇಳಿಯಿತು. “ಗಾಯ ಬಿಟ್ಟರೆ ಬೇರೆ ತಪ್ಪು?”

“ಇಲ್ಲ. ಕತ್ತಿ, ಕೋಟು, ಬಿಲ್ಲೆ ಎಲ್ಲ ಸರಿಯಾದ ಕಡೆಯೇ ಇದೆ.”

“ಅವೆಲ್ಲ ಹಳೇವು. ಮನೇಲಿ ಕೂತು ನೋಡಿದ್ದು. ಗಾಯ ಹೊಸದು. ಅದನ್ನ ಬೇರೆಲ್ಲೋ ನೋಡಿದಾನೆ. ಹ್ಞೂಂ... ಈ ಬಿಳಿ ಕೂದಲು?”

“ಕಪ್ತಾನ ಮುದುಕ ಅಲ್ಲವಾ ಅತ್ತೆ? ಉಣ್ಣೆ ಇರಬೇಕು.”

“ಉಣ್ಣೆಯಲ್ಲ ಕಣೇ, ಮನುಷ್ಯರ ಕೂದಲು!”

ಅತ್ತೆ ಕೂದಲನ್ನು ಒಂದೊಂದಾಗಿ ಬಿಡಿಸಿ ನೋಡತೊಡಗಿದರು. ಅಕ್ಕ ಗಡಿಯಾರ ನೋಡಿದಳು. ಎರಡೂಮುಕ್ಕಾಲು.

“ನಿಮ್ಮಪ್ಪ ಹೇಗಿದಾರೆ?”

“ಹೇಗಿರ್ತಾರೆ? ಮಗ ಹೋದಾಗಿನಿಂದ ತಲೆಗೆ ಬಣ್ಣ ಹಚ್ಚೋದನ್ನೂ ಬಿಟ್ಟರು. ಮಾತಿಲ್ಲ, ಕತೆಯಿಲ್ಲ. ತಿಂಗಳಿಗೊಂದು ಭಾನುವಾರ ಬಸ್ಸು ಹತ್ತಿ ಎಲ್ಲಿಗೋ ಹೋಗ್ತಾರೆ. ಅಳೋಕೆ ಹೋಗ್ತಾರೇನೋ ಅಂತ ನಾನೂ ಕೆದಕಿಲ್ಲ.”

“ಹೋದ ಭಾನುವಾರ?”

“ಹೋಗಿದ್ರು. ಯಾಕೆ?”

“ಚಪ್ಪಲಿ ಮೆಟ್ಕೋ.”

ಠಾಣೆಯ ಜಗಲಿಯ ಬೆಂಚಿನಲ್ಲಿ ಅಪ್ಪ ಒಬ್ಬರೇ ಕೂತಿದ್ದರು. ಕೈಯಲ್ಲಿ ಪೆನ್ನು ಆಗಲೇ ಸಿದ್ಧವಾಗಿತ್ತು. ಅತ್ತೆ ಪಕ್ಕದಲ್ಲಿ ಕೂತು ಅವರ ಕತ್ತಿನ ಹಿಂಭಾಗ ನೋಡಿದರು.

“ಕ್ಷೌರ ಪರವಾಗಿಲ್ಲ. ಹುಡುಗ ಕೆಲಸ ಕಲೀತಿದಾನೆ.”

ಅಪ್ಪ ತಟ್ಟನೆ ಕತ್ತಿನ ಹಿಂಭಾಗವನ್ನು ಕೈಯಿಂದ ಮುಚ್ಚಿಕೊಂಡರು.

“ಎಡ ಬಲ ಆಗೋದು ಎಲ್ಲಿ? ಕನ್ನಡಿಯಲ್ಲಿ,” ಅತ್ತೆಯ ದನಿ ಪಿಸುಮಾತಿಗಿಂತ ಏರಲಿಲ್ಲ. “ಟೀವಿಯನ್ನ ಕನ್ನಡಿಯಲ್ಲೇ ನೋಡೋರು ಯಾರು? ಕ್ಷೌರದಂಗಡಿಯೋರು. ಟೀವಿ ಹಿಂದಿನ ಗೋಡೇಲಿ, ಮುಂದೆ ಕನ್ನಡಿ. ಕೈಯಲ್ಲಿ ಕತ್ತಿ ಇರುವಾಗ ತಿರುಗಿ ನೋಡೋಕೆ ಆಗುತ್ತಾ? ಹಳಬರಾದರೆ ಮನಸ್ಸಲ್ಲೇ ತಿರುಗಿಸ್ಕೋತಾರೆ. ಹೊಸಬ ಕಂಡಿದ್ದನ್ನೇ ನಂಬಿದ.”

“ಯಾವ ಅಂಗಡಿ ಅತ್ತೆ? ಊರಲ್ಲಿ ನೂರಾರು ಇವೆ,” ಎಂದಳು ಅಕ್ಕ.

“ಕೂದಲು ನೋಡು. ಒಂದಷ್ಟು ಪೂರ್ತಿ ಬಿಳಿ. ಒಂದಷ್ಟು ಬುಡ ಬಿಳಿ, ತುದಿ ಕಪ್ಪು. ಬಣ್ಣ ಹಚ್ಚೋದು ನಿಲ್ಲಿಸಿದ ಒಂದೇ ತಲೆಯ ಕೂದಲು, ಹಲವು ತಿಂಗಳದ್ದು. ಎಲ್ಲರ ಕೂದಲನ್ನೂ ಗುಡಿಸಿ ಎಸೆಯೋ ಜಾಗದಲ್ಲಿ ಒಬ್ಬರದನ್ನ ಮಾತ್ರ ಎತ್ತಿಟ್ಕೊಂಡಿದಾನೆ. ಯಾಕೆ ಎತ್ತಿಟ್ಕೋತಾನೆ?” ಅತ್ತೆ ಅಪ್ಪನತ್ತ ತಿರುಗಿದರು. “ನಿಮ್ಮ ಮಗನನ್ನ ಬಚ್ಚಿಟ್ಟೋರು ನೀವೇ. ಕಂಡವರ ಹೆಣಕ್ಕೆ ಅವನ ಹೆಸರು ಕೊಟ್ಟೋರೂ ನೀವೇ.”

ಅಪ್ಪ ಠಾಣೆಯ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಬದುಕಿದಾನೆ ಅಂತ ಗೊತ್ತಾದರೆ ಆ ಕೊಲೆಗಡುಕರು ಬದುಕೋಕೆ ಬಿಡ್ತಾರಾ? ಗೆಳೆಯನ ಅಂಗಡೀಲಿ ನಾನೇ ಬಿಟ್ಟು ಬಂದೆ. ಗೊಂಬೆ ಗಿಂಬೆ ಬೇಡ ಅಂದಿದ್ದೆ. ಯಾವುದೋ ಗಿರಾಕಿಯ ಮಗು ಅಳ್ತಿತ್ತಂತೆ, ಕೊಟ್ಟುಬಿಟ್ಟಿದಾನೆ.”

ಅಕ್ಕನಿಗೆ ಸಂತೋಷ ಬರುವ ಮೊದಲು ಸಿಟ್ಟು ಬಂತು. “ನನಗೆ ಯಾಕೆ ಹೇಳಲಿಲ್ಲ? ಐದು ತಿಂಗಳು ನಾನು ಅನ್ನ ಬಿಟ್ಟು ಅತ್ತಿದೀನಿ!”

“ಅದಕ್ಕೇ ಹೇಳಲಿಲ್ಲ ಕಣಮ್ಮ,” ಅಪ್ಪ ತಲೆ ತಗ್ಗಿಸಿದರು. “ನಿನ್ನ ಅಳು ನಿಜವಾಗಿರಬೇಕಿತ್ತು. ಅವರು ನಂಬಿದ್ದು ನಿನ್ನ ಅಳುವನ್ನ.”

ಅಕ್ಕನಿಗೆ ಅವರನ್ನು ಹೊಡೆಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ.

“ಆ ಸುಟ್ಟುಹೋದವನು ಯಾರಪ್ಪ?”

“ಗೊತ್ತಿಲ್ಲ.”

“ಅವನಿಗೂ ಒಬ್ಬಳು ಅಕ್ಕ ಇದ್ದರೆ? ಅವಳು ಇನ್ನೂ ಊರೂರು ಹುಡುಕ್ತಿದ್ದರೆ?”

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇನ್‌ಸ್ಪೆಕ್ಟರ್ ಕಾಗದ ಮುಂದೆ ಸರಿಸಿದರು.

“ಏನಮ್ಮ, ಗೊಂಬೆ ವಿಚಾರ ಏನಾಯ್ತು?”

ಅಕ್ಕ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. “ನೀವು ಹೇಳಿದ್ದೇ ಸರಿ ಸಾರ್. ಇದು ನನ್ನ ತಮ್ಮ ಮಾಡಿದ್ದಲ್ಲ.”

“ಹಾಗಾದರೆ ಸಹಿ—”

“ಅಪ್ಪ ಸಹಿ ಹಾಕಲ್ಲ ಸಾರ್. ಆ ಗಡಿಯಾರ ನಮ್ಮದಲ್ಲ. ದುಃಖದಲ್ಲಿ ಕಣ್ಣು ತಪ್ಪಿತಂತೆ. ಅಲ್ಲವೇನಪ್ಪ?”

ಅಪ್ಪನ ಪೆನ್ನು ಆಗಲೇ ಕಾಗದದ ಮೇಲಿತ್ತು. ಸಹಿ ಹಾಕಿದರೆ ಮಗ ಕ್ಷೇಮ. ಹಾಕದಿದ್ದರೆ ಕೊಲೆಗಡುಕರು ಮತ್ತೆ ವಿಚಾರಿಸಲು ಶುರುಮಾಡುತ್ತಾರೆ. ಅವರು ಮಗಳ ಮುಖವನ್ನೇ ನೋಡಿದರು. ಪೆನ್ನು ಕೆಳಗಿಟ್ಟರು.

“ಹೌದು ಸಾರ್. ನಮ್ಮದಲ್ಲ.”

“ಮತ್ತೆ ನಿಮ್ಮ ಹುಡುಗ ಎಲ್ಲಿ?”

“ಗೊತ್ತಿಲ್ಲ ಸಾರ್,” ಎಂದಳು ಅಕ್ಕ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಆದರೂ ಕಣ್ಣೀರು ಸಲೀಸಾಗಿ ಬಂತು.

ಹೊರಗೆ ಬಂದ ಮೇಲೆ ಅಪ್ಪನ ತೋಳು ಹಿಡಿದಳು.

“ಮುಂದಿನ ಸಲ ನಾನೂ ಬರ್ತೀನಿ.”

“ಅದು ಗಂಡಸರ ಅಂಗಡಿ ಕಣೇ. ನೀನು ಒಳಗೆ ಬಂದರೆ ನಾಲ್ಕು ಜನ ತಿರುಗಿ ನೋಡ್ತಾರೆ.”

“ಒಳಗೆ ಬರಲ್ಲ ಅಪ್ಪ. ರಸ್ತೆ ಆಚೆ ಬಸ್ಸಿಗೆ ಕಾಯೋರ ಹಾಗೆ ನಿಂತಿರ್ತೀನಿ. ಅವನ ಬೆನ್ನು ಕಂಡರೂ ಸಾಕು.”