ಮದುಮಗಳ ಬೆಳ್ಳಿ ಕಿರೀಟ

ಪೆಟ್ಟಿಗೆ ಬಾಯಿ ತೆರೆದು ಬಿದ್ದಿತ್ತು. ಒಳಗೆ ಮಖಮಲ್ಲಿನ ಮೇಲೆ ದುಂಡನೆಯ ಗುರುತಷ್ಟೇ. ಬೆಳ್ಳಿ ಕಿರೀಟ ಮಾಯ.

"ಯಾರೂ ಓಣಿ ಬಿಟ್ಟು ಹೋಗಬ್ಯಾಡ್ರಿ!" ನಿಲ್ಸನ್ ಸಾಹೇಬರು ಜಗಲಿಯಿಂದ ಕೂಗಿದರು.

ಸಬ್ ಇನ್ಸ್‌ಪೆಕ್ಟರ್ ಕೊಟ್ಟೂರಪ್ಪ ಕೈಯಲ್ಲಿದ್ದ ಮಾವಿನ ಹೋಳನ್ನು ತಟ್ಟೆಗೆ ಹಾಕಿದ. ಊಟಕ್ಕೆಂದು ಬಂದವನು ಕೆಲಸಕ್ಕೆ ಸಿಕ್ಕಿಬಿದ್ದಿದ್ದ.

1951ರ ಜೂನ್. ಬಳ್ಳಾರಿ ಕಂಟೋನ್ಮೆಂಟಿನ ಆ ಓಣಿಯಲ್ಲಿ ಸ್ವೀಡನ್ನಿನಿಂದ ಬಂದು ನೆಲೆಸಿದವರ ಮೂರು ಮನೆಗಳಿದ್ದವು. ವರ್ಷಕ್ಕೊಮ್ಮೆ ಅವರು ತಮ್ಮ ನಾಡಿನ ಬೇಸಿಗೆ ಹಬ್ಬ ಮಾಡುವರು. ಓಣಿಯ ಎರಡೂ ತುದಿಗೆ ಬಂಡಿ ಅಡ್ಡ ನಿಲ್ಲಿಸಿ, ನಡುವೆ ಬೇವಿನ ಸೊಪ್ಪು ಸುತ್ತಿದ ಎತ್ತರದ ಕಂಬ ನೆಡುವರು. ಕಂಬದ ಅಡ್ಡತೋಳಿಗೆ ಎಲೆ, ಹೂವಿನ ಎರಡು ದೊಡ್ಡ ಚಕ್ರ ತೂಗುಬಿಡುವರು. ಅದರ ಸುತ್ತ ಮಕ್ಕಳು ಕಪ್ಪೆಯಂತೆ ಕುಪ್ಪಳಿಸಿ ಕುಣಿಯುವರು. ನೋಡಲು ಊರಿನವರಿಗೂ ಕರೆ.

ಈ ಸಲ ಸಡಗರ ಹೆಚ್ಚು. ನಿಲ್ಸನ್ ಸಾಹೇಬರ ಮಗಳು ಬ್ರಿಟಾಗೆ ಸ್ವೀಡನ್ನಿನಲ್ಲಿ ಗಂಡು ಗೊತ್ತಾಗಿತ್ತು. ಮದುಮಗಳು ತೊಡುವ ಅಂಗೈಯಗಲದ ಕಿರೀಟವನ್ನು ಇವತ್ತು ಎಲ್ಲರೆದುರು ಅವಳ ತಲೆಗಿಡಬೇಕಿತ್ತು. ಅದಿಲ್ಲದೆ ಆ ಮನೆತನದಲ್ಲಿ ಮದುವೆಯೇ ಆಗಿರಲಿಲ್ಲ.

*

ಮೊದಲು ಸೋಡಾ ಮಾರುವ ಗಾದೆಪ್ಪನ ಗಾಡಿ ತಡಕಾಡಿದರು. ಸೋಡಾ ಬಾಟಲಿ ಬಿಟ್ಟರೆ ಏನೂ ಸಿಗಲಿಲ್ಲ.

"ಮುಂಜಾನೆ ಬ್ರಿಟಾ, ಆಯಾ ಸುಂಕಮ್ಮ ಹೂ ಕಟ್ಟಾಕ ಕುಂತಾಗ ಕಿರೀಟ ಇತ್ತು," ಎಂದರು ಸಾಹೇಬರು. "ಆಮ್ಯಾಗ ಕತ್ತರಿ ತರ್ತೀನಂತ ಸುಂಕಮ್ಮ ಒಳಗ ಹೋಗಿದ್ಲು. ಆಕೀನ ಹಿಡ್ಕೊಂಡು ಹೋಗ್ರಿ."

ಸುಂಕಮ್ಮ ಬ್ರಿಟಾಳನ್ನು ಎತ್ತಿ ಆಡಿಸಿದವಳು. ಅವಳನ್ನು ಆಗಲೇ ಉಗ್ರಾಣದಲ್ಲಿ ಕೂಡಿಹಾಕಿದ್ದರು. ತಗಡಿನ ಮಾಡು. ಕಿಟಕಿಯಿಲ್ಲ. ಕೊಟ್ಟೂರಪ್ಪ ಒಳಗೆ ಹೋದರೆ ಉಸಿರು ಕಟ್ಟಿತು. ಸುಂಕಮ್ಮನ ಮಡಿಲಲ್ಲಿ ಹೂ ಕಟ್ಟಿ ಉಳಿದ ಬಾಳೆನಾರು ಇನ್ನೂ ತುಂಬಿತ್ತು.

"ನೀ ತಗೊಂಡೀಯೇನವ್ವ?"

"ಇಲ್ರೀ ಸಾಹೇಬ್ರ."

"ಯಾರು ತಗೊಂಡ್ರು, ಗೊತ್ತೈತೇನು?"

ಅವಳು ಬಾಗಿಲ ಕಡೆ ನೋಡಿದಳು. ಸೆರಗಿನಿಂದ ಬೆವರು ಒರೆಸಿಕೊಂಡಳು.

"ಅದೊಂದು ಕೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಗೊತ್ತಿದೆ, ಆದರೆ ಹೇಳುವುದಿಲ್ಲ. ಜೈಲಿಗೆ ಹೋದರೂ ಸರಿ ಎನ್ನುವಷ್ಟು ಬೇಕಾದವರು ಯಾರು?

*

ಹೊರಗೆ ಬಿಸಿಲು ಹಂಚಿನಂತೆ ಕಾದಿತ್ತು. ಬಂಡಿಗಳ ಬಳಿ ಜನ ಗೋಗರೆಯುತ್ತಿದ್ದರು. "ನಮ್ಮೂರು ಮೋಕದ ಬಸ್ ತಪ್ತೈತ್ರಿ, ಬಿಡ್ರಿ!" ಯಾರನ್ನೂ ಬಿಡುವಂತಿರಲಿಲ್ಲ.

ಕೊಟ್ಟೂರಪ್ಪ ತಲೆಯೆತ್ತಿ ಕಂಬ ನೋಡಿದ. ಎಡಗಡೆಯ ಚಕ್ರ ಸಮನಾಗಿ ತೂಗುತ್ತಿತ್ತು. ಬಲಗಡೆಯದು ಒಂದು ಮಗ್ಗುಲಿಗೆ ವಾಲಿತ್ತು. ಗಾಳಿ ಅಲುಗಿಸಿದರೂ ಮತ್ತೆ ಅದೇ ಕಡೆಗೆ ವಾಲುತ್ತಿತ್ತು. ವಾಲಿದ ಕಡೆ ಸೊಪ್ಪಿನೊಳಗೆ ನೀಲಿ ರಿಬ್ಬನ್ ಇಣುಕುತ್ತಿತ್ತು. ಉಳಿದೆಲ್ಲ ಕಡೆ ಕಟ್ಟಿದ್ದು ಬಾಳೆನಾರು.

ಅವನು ಬ್ರಿಟಾಳ ಕಡೆ ತಿರುಗಿದ. ಎರಡು ಜಡೆ. ಒಂದಕ್ಕೆ ನೀಲಿ ರಿಬ್ಬನ್, ಇನ್ನೊಂದಕ್ಕೆ ಬಾಳೆನಾರು.

"ಏಣಿ ತರ್ರಿ," ಎಂದ.

*

ಚಕ್ರ ಬಿಚ್ಚಿದಾಗ ಸೊಪ್ಪಿನೊಳಗಿಂದ ಬೆಳ್ಳಿ ಹೊಳೆಯಿತು.

"ಕಂಬ ಎತ್ತಿದ ಮ್ಯಾಲೆ ಅಷ್ಟೆತ್ತರಕ್ಕ ಯಾರೂ ಹತ್ತಿಲ್ಲ," ಎಂದ ಕೊಟ್ಟೂರಪ್ಪ. "ಅಂದ್ರ ಹೂ ಕಟ್ಟೋವಾಗಲೇ ಇಟ್ಟಾರ. ಕಿರೀಟ ಕಟ್ಟಿದಾಕಿ ಸುಂಕಮ್ಮ ಆಗಿದ್ರ ಆಕಿ ಮಡಿಲ ತುಂಬ ನಾರಿತ್ತು, ರಿಬ್ಬನ್ ಯಾಕ? ಭಾರಕ್ಕ ನಾರು ಹರಿತೈತಂತ ಹೆದರಿ, ಜಡಿ ರಿಬ್ಬನ್ ಬಿಚ್ಚಿ ಬಿಗಿದವರು ಬ್ಯಾರೆ. ಅಲ್ಲೇನ್ರಿ ಬ್ರಿಟಮ್ಮ?"

ಬ್ರಿಟಾಳ ಕೈ ಜಡೆಗೆ ಹೋಯಿತು.

"ನಾನ ಇಟ್ಟೆ. ಆ ದೇಶ ನಾ ಕಂಡಿಲ್ಲ. ಆ ಗಂಡನ್ನೂ ಕಂಡಿಲ್ಲ. ಕಿರೀಟ ಇಲ್ಲಂದ್ರ ಮದಿವಿ ನಿಲ್ತೈತಿ ಅಂದ್ಕೊಂಡೆ. ಸುಂಕವ್ವ ನೋಡಿಬಿಟ್ಲು."

"ಆಕಿನ್ನ ಕೂಡಿಹಾಕಿದಾಗ ಯಾಕ ಬಾಯಿ ಬಿಡಲಿಲ್ಲ?"

"ಅಪ್ಪನ ಮುಖ ನೋಡಿದೆ. ಮಾತು ಹೊರಡಲಿಲ್ಲ." ಅವಳು ಅಳತೊಡಗಿದಳು.

ಸಾಹೇಬರು ಬೈಯಲಿಲ್ಲ. ಮಗಳ ತೋಳು ಹಿಡಿದು ಒಳಗೆ ಕರೆದೊಯ್ದರು. ಕೋಣೆಯ ಚಿಲಕ ಹೊರಗಿನಿಂದ ಬಿತ್ತು. "ಸ್ವೀಡನ್ನಿಗೆ ಹೋಗೋ ಹಡಗು ತಪ್ಪಂಗಿಲ್ಲ," ಎಂದಷ್ಟೇ ಹೇಳಿದರು.

ಬಂಡಿಗಳು ಸರಿದವು. ಜನ ಬಸ್ಸಿನ ಕಡೆ ಓಡಿದರು. ಕೊಟ್ಟೂರಪ್ಪ ತಾನೇ ಉಗ್ರಾಣದ ಬಾಗಿಲು ತೆಗೆದ.

"ಮನಿಗೆ ಹೋಗವ್ವ. ನಿನ್ನ ಮ್ಯಾಲೆ ಏನೂ ಇಲ್ಲ."

ಸುಂಕಮ್ಮ ಅಂಗಳಕ್ಕೆ ಇಳಿಯಲಿಲ್ಲ. ನೆಟ್ಟಗೆ ಬ್ರಿಟಾಳ ಕೋಣೆಯ ಮುಂದೆ ಹೋಗಿ, ಚಿಲಕ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು.

"ನೀವು ಹೋಗ್ರಿ ಸಾಹೇಬ್ರ. ಆಕಿ ಒಬ್ಬಾಕಿನ ಅದಾಳ."