ಬಾಗಿಲ ಪಕ್ಕದ ಕುರ್ಚಿ

ಎಡಗಾಲಿನ ಶೂ ಇತ್ತು. ಬಲಗಾಲಿನದು ಇರಲಿಲ್ಲ.

ಸ್ನಾನ ಮುಗಿಸಿ ಬಂದ ಲುದ್ವಿಕಾ ಒದ್ದೆ ಕೂದಲಲ್ಲೇ, ಗೋಡೆ ಹಿಡಿದುಕೊಂಡು, ಬಾಗಿಲ ಬಳಿಯ ಶೂ ಸ್ಟ್ಯಾಂಡನ್ನು ನೋಡುತ್ತ ನಿಂತಿದ್ದರು. ಅವರ ಬಲಗಾಲು ಹುಟ್ಟಿನಿಂದಲೇ ಗಿಡ್ಡ. ಆ ಕಾಲಿಗೆಂದೇ ದಪ್ಪ ಅಡಿಯಿಟ್ಟು ಮಾಡಿಸಿದ ಶೂ ಅದು. ಇನ್ನೊಂದು ಮಾಡಿಸಲು ವಾರಗಳೇ ಬೇಕು. ಕ್ರಾಕೋವ್‌ಗೆ ರೈಲು ನಾಳೆ ಬೆಳಿಗ್ಗೆ.

"ಎಲ್ಲಿಟ್ಟೆ?"

ಸೊಸೆ ಯೊಲಾಂತಾ ಬ್ರೆಡ್ಡಿನ ಚೀಲ ಹಿಡಿದು ಆಗಷ್ಟೇ ಒಳಗೆ ಬಂದಿದ್ದಳು.

"ನಾನಾ?"

"ಹೋಗಬೇಡಿ, ಕಲ್ಲುಹಾಸಿನ ಮೇಲೆ ಜಾರಿ ಬೀಳ್ತೀರ ಅಂತ ಜಪ ಮಾಡ್ತಿದ್ದದ್ದು ಯಾರು? ನಮ್ಮನೆ ಬೆಕ್ಕಾ?"

ಯೊಲಾಂತಾ ಚೀಲವನ್ನು ಮೇಜಿನ ಮೇಲಿಟ್ಟಳು. ಹಾಗೆ ಹೇಳಿದ್ದು ನಿಜ. ಗ್ಯಾಸ್ ಆರಿಸಿದ ಮೇಲೂ ಮತ್ತೆ ಹೋಗಿ ನೋಡಿ ಬರುವವಳು ಅವಳು. ಹೆದರಿದ್ದಳು, ಹೇಳಿದ್ದಳು. ಬಚ್ಚಿಡುವುದು ಬೇರೆ ಮಾತು.

ಈ ಪ್ರಯಾಣ ಅತ್ತೆಗೆ ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿದವರು ಲುದ್ವಿಕಾ. ಪ್ರತಿ ವರ್ಷ ಮಕ್ಕಳ ಪ್ರವಾಸ ಕ್ರಾಕೋವ್‌ಗೆ ಹೊರಡುತ್ತಿತ್ತು. ಪ್ರತಿ ವರ್ಷ ಶಾಲೆಯವರು ಇವರ ಕಾಲು ನೋಡಿ, ಜ್ವರ ಬಂದ ಮಕ್ಕಳ ಜೊತೆ ಇಲ್ಲೇ ಇರಿ ಎನ್ನುತ್ತಿದ್ದರು. ಆ ನಗರದ ಬೀದಿಗಳನ್ನೆಲ್ಲ ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲ ಹೆಂಗಸು ಅಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ವಾವೆಲ್ ಗುಡ್ಡದ ಗೋಪುರ ಹತ್ತಿ, ದೊಡ್ಡ ಗಂಟೆಯ ನಾಲಗೆಯನ್ನು ಅಲ್ಲಿನ ವಾಡಿಕೆಯಂತೆ ಎಡಗೈಯಿಂದ ಮುಟ್ಟಿ ಬರಬೇಕು — ಅದೊಂದೇ ಅವರ ಹಟ.

ಬೆಳಿಗ್ಗೆ ಇದೇ ಅಡುಗೆಮನೆಯಲ್ಲಿ ಮೂವರೂ ಕೂತು ಎಲ್ಲ ಗೊತ್ತುಮಾಡಿದ್ದರು: ಲುದ್ವಿಕಾ, ಕೆಳಗಿನ ಮನೆಯ ಜೆನೊನ್, ಅದೇ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಗೆಳತಿ ಸಬೀನಾ. ಮೊದಲು ಗುಡ್ಡವೋ ಮಾರುಕಟ್ಟೆ ಚೌಕವೋ ಎಂದು ಜಗಳವಾಗಿತ್ತು. ಈ ಕಾಲು ಕಟ್ಟಿಕೊಂಡು ಹೋದರೆ ರೈಲು ನಿಲ್ದಾಣವನ್ನೇ ನೋಡಿ ಬರಬೇಕಾದೀತು ಎಂದು ಜೆನೊನ್ ಕೆಣಕಿದ್ದ. ಹೊರಟವನು ಮರೆತ ಟೋಪಿಗಾಗಿ ವಾಪಸ್ಸು ಬಂದಾಗ ಹೆಂಗಸರಿಬ್ಬರೂ ಅವನನ್ನು ತಡೆದಿದ್ದರು: ಮರೆತದ್ದಕ್ಕೆ ವಾಪಸ್ಸು ಬಂದವರು ಕೂತು, ಹತ್ತು ಎಣಿಸಿ ಹೋಗಬೇಕು, ಇಲ್ಲದಿದ್ದರೆ ನಾಳಿನ ಪ್ರಯಾಣ ಕೆಡುತ್ತೆ. ಇಸ್ತ್ರಿ ಮಾಡುತ್ತಿದ್ದ ಯೊಲಾಂತಾಳ ಎದುರಿಗೇ ಜೆನೊನ್ ನಕ್ಕು, ಟೋಪಿ ಎತ್ತಿಕೊಂಡು ಹೋಗಿಬಿಟ್ಟಿದ್ದ.

ಸಂಜೆ ಯೊಲಾಂತಾ ಇಬ್ಬರನ್ನೂ ಮನೆಗೆ ಕರೆಸಿದಳು. ಅತ್ತೆಯ ಕಣ್ಣಿನಲ್ಲಿ ಕಳ್ಳಿಯಾಗಿ ರಾತ್ರಿ ಕಳೆಯಲು ಅವಳು ಸಿದ್ಧಳಿರಲಿಲ್ಲ.

ಜೆನೊನ್ ಹೊರಗೆ ಚದುರಂಗ ಆಡುತ್ತಿದ್ದನಂತೆ. ತಾನು ತಮಾಷೆ ಮಾಡುವವನೇ ಹೊರತು ಕದಿಯುವವನಲ್ಲ ಎಂದ. ಸಬೀನಾ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಜೆನೊನ್‌ನ ಹಿಂದೆಯೇ ಹೊರಟವರು ನೇರ ಮನೆಗೆ ಹೋದರಂತೆ.

"ಹೋಗೋಣ ಹೋಗೋಣ ಅಂದವಳು ನಾನೇ ತಾನೆ?"

ಅದೂ ನಿಜವೇ. ಎಲ್ಲರ ನೋಟ ಮತ್ತೆ ಯೊಲಾಂತಾಳ ಮೇಲೆ ಬಿತ್ತು. ಅವಳ ನೋಟ ಮಾತ್ರ ಬಾಗಿಲ ಕಡೆಗಿತ್ತು.

"ಅಮ್ಮಾ, ನಿಮ್ಮ ಬಿಳಿ ರವಿಕೆಯನ್ನ ಮೊಳೆಗೆ ನೇತುಹಾಕಿದ್ದು ನೀವಾ?"

"ನಾನು ಸ್ನಾನದ ಮನೇಲಿದ್ದೆ. ಶೂ ಹುಡುಕು ಅಂದ್ರೆ ರವಿಕೆ ಹುಡುಕ್ತೀಯಲ್ಲ."

"ಇಸ್ತ್ರಿ ಮಾಡಿ ಬಾಗಿಲ ಪಕ್ಕದ ಆ ಕುರ್ಚಿ ಮೇಲೆ ಹರಡಿ, ನೀವು ಒಳಗಿದ್ರಿ ಅಂತ ಬೀಗ ಹಾಕದೆ ನಾನು ಬ್ರೆಡ್ ತರೋಕೆ ಹೋದೆ. ಬರೋ ಹೊತ್ತಿಗೆ ಅದು ಮೊಳೆ ಮೇಲಿತ್ತು. ಕದಿಯೋಕೆ ಬಂದವರಿಗೆ ರವಿಕೆ ಯಾಕೆ ಬೇಕು?"

ಯೊಲಾಂತಾ ಎದ್ದು ಹೋಗಿ ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು.

"ರವಿಕೆ ಬೇಕಿರಲಿಲ್ಲ. ಕುರ್ಚಿ ಬೇಕಿತ್ತು. ಕೂರೋಕೆ. ಈ ಮನೇಲಿರೋ ನಾನು ಬಾಗಿಲ ಹತ್ರ ಯಾಕೆ ಕೂರಲಿ? ಮರೆತದ್ದನ್ನ ತಗೊಳ್ಳೋಕೆ ವಾಪಸ್ಸು ಬಂದವರು ಕೂರ್ತಾರೆ. ಜೆನೊನ್ ಅವರು ಕೂರೋದಿಲ್ಲ, ಬೆಳಿಗ್ಗೆ ಎಲ್ಲರೂ ನೋಡಿದ್ವಿ." ಅವಳು ಸಬೀನಾ ಕಡೆ ತಿರುಗಿದಳು. "ನೀವು ಏನು ಮರೆತಿದ್ರಿ, ಸಬೀನಾ ಟೀಚರ್?"

ಸಬೀನಾ ಮಡಿಲಿನ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡರು.

"ಕೈಗವಸು," ಎಂದರು ಕೊನೆಗೆ.

ಕೈಚೀಲ ತೆರೆದುಕೊಂಡಿತು. ಒಳಗೆ ಶೂ ಇತ್ತು. ಇನ್ನೊಂದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಕದಿಯಲೆಂದು ಬಂದಿರಲಿಲ್ಲ ಎಂದರು. ಕೂತು ಎಣಿಸುವಾಗ ಎದುರಿಗೇ ಶೂಗಳಿದ್ದವು. ಈಗೀಗ ಎರಡನೇ ಮಹಡಿ ಹತ್ತುವಷ್ಟರಲ್ಲಿ ಅವರಿಗೆ ಉಸಿರು ಕಟ್ಟುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಊರಿನ ಮಕ್ಕಳನ್ನೆಲ್ಲ ಹಗ್ಗ ಹತ್ತಿಸಿದವಳು ಗೋಪುರದ ಮೆಟ್ಟಿಲ ಮೇಲೆ ಏದುಸಿರು ಬಿಡುವುದೇ? ನಿನ್ನ ಕಾಲಿನಿಂದ ನಿಂತುಹೋಯಿತು ಎಂದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ ಎಂದರು.

"ಪ್ರಯಾಣ ಕೆಡಬಾರದು ಅಂತ ಕೂತವಳು ನೀನು," ಲುದ್ವಿಕಾ ನಿಧಾನವಾಗಿ ಹೇಳಿದರು, "ಏಳೋ ಹೊತ್ತಿಗೆ ಅದನ್ನೇ ಚೀಲಕ್ಕೆ ಹಾಕಿಕೊಂಡೆ."

"ನೀನು ಗೋಪುರ ಹತ್ತು. ನಾನು ಕೆಳಗೇ ಕೂತಿರ್ತೀನಿ," ಎಂದರು ಸಬೀನಾ.

"ಕೆಳಗೆ ಕೂರೋದು ಏನು ಅಂತ ನನಗೆ ಗೊತ್ತು. ಯಾರೂ ಕೂರಬೇಕಾಗಿಲ್ಲ. ಒಂದೊಂದು ಮೆಟ್ಟಿಲಿಗೂ ನಿಲ್ಲೋಣ. ಹಿಂದೆ ಬರೋರು ಕಾಯಲಿ. ನಾನು ಕಾದಿಲ್ವಾ?"

ಲುದ್ವಿಕಾ ಕೂತಲ್ಲೇ ಎರಡೂ ಶೂ ಹಾಕಿಕೊಂಡು ದಾರ ಬಿಗಿದರು. ಸೊಸೆಯ ಕ್ಷಮೆ ಕೇಳಲಿಲ್ಲ. ಅವಳ ಕೈ ಹಿಡಿದು ಎದ್ದರು, ಎದ್ದ ಮೇಲೂ ಬಿಡಲಿಲ್ಲ.

ಸಬೀನಾ ಹೊರಗೆ ಹೋದರು. ಎರಡು ನಿಮಿಷಕ್ಕೆ ಬಾಗಿಲು ಮತ್ತೆ ತೆರೆಯಿತು. ಈ ಸಲವೂ ಕೈಗವಸು ಮೇಜಿನ ಮೇಲೆಯೇ ಉಳಿದಿತ್ತು.

ಅವರು ಅದನ್ನು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

"ನಿಧಾನವಾಗಿ ಎಣಿಸು," ಎಂದರು ಲುದ್ವಿಕಾ. "ಈ ಸಲ ಶೂ ನನ್ನ ಕಾಲಲ್ಲಿದೆ."