ಗೈಡಿನ ಡಬ್ಬ

ಇಂಡೋನೇಷ್ಯಾದ ಜ್ವಾಲಾಮುಖಿಯೊಂದನ್ನು ಗೈಡ್ ಇಲ್ಲದೆಯೇ ಹತ್ತಿಬರುವುದೆಂದು ಪ್ರಶಾಂತ ಪಣ ತೊಟ್ಟಿದ್ದ. ಜೊತೆಗೆ ತಂಗಿ ನಿಶ್ಮಿತಾ. ಮುಂದಿನ ತಿಂಗಳೇ ವಿಮಾನ. ಅದಕ್ಕೆ ಮೊದಲು ಕರ್ಜತ್ ಕಡೆಯ ಗುಡ್ಡದಲ್ಲಿ ಒಂದು ತಾಲೀಮು.

"ಗೈಡ್ ಇದ್ದಾನಲ್ಲ?" ಎಂದು ಅಮ್ಮ ಪ್ರಫುಲ್ಲಾ ಕೇಳಿದ್ದಳು.

"ಇಲ್ಲಿಗೂ ಇದ್ದಾನೆ, ಅಲ್ಲಿಗೂ ಇದ್ದಾನೆ" ಎಂದು ನಮ್ಮ ಜಂಬದ ಕೋಳಿ ಹಸಿ ಸುಳ್ಳು ಹೇಳಿತ್ತು.

ಭಾಂಡುಪ್‌ನ ಮನೆಯಿಂದ ಹೊರಡುವಾಗ ಅಮ್ಮ ಅವನ ಚೀಲಕ್ಕೆ ಇನ್ನೊಂದು ಡಬ್ಬ ತುರುಕಿದಳು. "ಕೆಸುವಿನ ಎಲೆಯ ಪತ್ರೊಡೆ. ಇದು ಗೈಡಿಗೆ. ಪಾಪ, ನನ್ನ ಮಕ್ಕಳನ್ನು ವಾಪಸ್ ತರುವವ. ಮೊದಲು ಅವನಿಗೆ ಕೊಡಿ, ಮತ್ತೆ ನೀವು ತಿನ್ನಿ."

ನಿಶ್ಮಿತಾ ಅಣ್ಣನ ಮುಖ ನೋಡಿದಳು. ಅವನು ಶೂ ಲೇಸ್ ಕಟ್ಟತೊಡಗಿದ. ಲೋಕಲ್ ರೈಲಿನಲ್ಲಿ ಆ ಡಬ್ಬದ ಬಿಸಿ ಬೆನ್ನಿಗೆ ತಾಗಿದಷ್ಟು ಹೊತ್ತೂ ಅವನಿಗೆ ನಾಚಿಕೆಯಾಗುತ್ತಲೇ ಇತ್ತು.

ಮಳೆ ನಿಂತ ಗುಡ್ಡ ಹಸಿರಾಗಿ ಹೊಳೆಯುತ್ತಿತ್ತು. ಹುಲ್ಲಿನ ನಡುವೆ ಅಲ್ಲಲ್ಲಿ ಕಪ್ಪು ಬಂಡೆಗಳು. ಅವೂ ಎಂದೋ ಕುದಿದು ಹರಿದ ಲಾವಾವೇ. ಕೆಳಗೆ ರೈಲು ಹಳಿ, ಗದ್ದೆ, ಹಂಚಿನ ಮನೆಗಳು ಸಣ್ಣವಾಗುತ್ತ ಹೋದವು. ಪ್ರಶಾಂತನ ಕಣ್ಣು ಮಾತ್ರ ಶಿಖರದ ಮೇಲೆಯೇ ಇತ್ತು.

ಅಷ್ಟರಲ್ಲಿ ಮಂಜು ಮುಸುಕಿತು. ಮೊಬೈಲ್ ಮ್ಯಾಪ್ ಕೈಕೊಟ್ಟಿತು.

"ಅಣ್ಣ, ರುಕೋ. ಆ ಕಲ್ಲು ಅಲುಗಾಡ್ತಾ ಉಂಟು."

"ಏನಾಗುದಿಲ್ಲ, ಇನ್ನು ಸ್ವಲ್ಪವೇ."

ಕಾಲಿಟ್ಟ. ಕಲ್ಲು ಕಿತ್ತು ಬಂತು!

ಪ್ರಶಾಂತ ಜಾರಿದ. ಮೊಣಕಾಲು ತರಚಿತು. ಕೈಗೆ ಸಿಕ್ಕ ಪೊದೆ ಬೇರು ಸಮೇತ ಕಿತ್ತುಬಂತು. ಕೆಳಗೆ ಬರೀ ಬಿಳಿ ಮಂಜು.

ಚೀಲದ ಪಟ್ಟಿ ಬಿಗಿಯಿತು. ನಿಶ್ಮಿತಾ ಬಂಡೆಗೆ ಕಾಲು ಊರಿ ಅದನ್ನು ಹಿಡಿದಿದ್ದಳು.

"ಬಂಡೆ ಕಡೆ ಮುಖ ಮಾಡು. ಎಡಗಾಲು ನೀಚೆ ಇಳಿಸು. ಇನ್ನೂ ನೀಚೆ. ಹಾಂ, ಅಲ್ಲೇ."

ಅವಳು ಹೇಳಿದಂತೆಯೇ ಅವನು ಇಳಿದ. ಅವಳು ಮುಂದೆ, ಅವನು ಹಿಂದೆ. ಸೀಳಿದ ಮರ, ಸಣ್ಣ ತೊರೆ, ಬಿದ್ದ ಬೇಲಿ ಒಂದೊಂದಾಗಿ ಮಂಜಿನಿಂದ ಎದ್ದು ಬಂದವು.

"ದಾರಿ ಹೇಗೆ ಗೊತ್ತಾಯ್ತು?"

"ಹತ್ತುವಾಗ ಪ್ರತಿ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದ್ದೆ. ನೀನು ನೋಡ್ಲೇ ಇಲ್ಲ."

ಗುಡ್ಡದ ಬುಡದಲ್ಲಿ ಅವನು ಗೈಡಿನ ಡಬ್ಬ ತೆಗೆದು ಅವಳ ಕೈಗಿಟ್ಟ.

"ಆಧಾ ಆಧಾ ಹಂಚುವಾ?" ಎಂದಳು.

"ಬೇಡ, ಇದು ನಿನ್ನದು."

ಮನೆಯಲ್ಲಿ ಅಮ್ಮ ಡಬ್ಬದ ಮುಚ್ಚಳ ತೆಗೆದಳು. "ಗೈಡ್ ತಿಂದನಾ? ಉಪ್ಪು ಸರಿ ಇತ್ತಂತಾ?"

ಪ್ರಶಾಂತನಿಗೆ ತಲೆಯೆತ್ತಲಾಗಲಿಲ್ಲ. "ಇವಳನ್ನೇ ಕೇಳಮ್ಮ. ಗೈಡ್ ಇರಲೇ ಇಲ್ಲ. ಇಂಡೋನೇಷ್ಯಾಕ್ಕೂ ಇಲ್ಲ. ನಾನು ಸುಳ್ಳು ಹೇಳಿದ್ದೆ. ನನ್ನನ್ನು ವಾಪಸ್ ತಂದದ್ದು ಇವಳು."

ಅಮ್ಮ ಅವನ ಹರಿದ ಪ್ಯಾಂಟಿನ ಮೊಣಕಾಲು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡಬ್ಬ ತೊಳೆದು, ಒರೆಸಿ, ಅವನ ಚೀಲದ ಪಕ್ಕದಲ್ಲೇ ಇಟ್ಟಳು.

"ಅಲ್ಲಿಯ ಗೈಡ್ ಪತ್ರೊಡೆ ತಿಂತಾನಾ, ಕೇಳಿ ಇಡು."

"ಕೇಳ್ತೇನಮ್ಮ" ಎಂದ ಪ್ರಶಾಂತ.